ಲೋಕಾಂತರದಿಂದ ಬಂದ ದಂಡು



ಬೇರೊಂದು ಗ್ರಹದಿಂದ ಸೈನ್ಯವು ಇಳಿದು ಬಂದು ಭೂಮಂಡಲವನ್ನು ಮುತ್ತಿದರೆ ಮನುಷ್ಯರು ಅದನ್ನು ಎದುರಿಸುವ ಬಗೆ ಯಾವುದು? ಈ ಒಂದೇ ಪ್ರಶ್ನೆಯಿಂದ ಪಾಶ್ಚಾತ್ಯ ಸಾಹಿತ್ಯದಲ್ಲಿ ನೂರಿಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಕಥೆಗಳು ಹುಟ್ಟುತ್ತ ಬಂದಿವೆ. ಗಂಭೀರ ಗ್ರಂಥಗಳನ್ನು ಓದತಕ್ಕವರು ಇವುಗಳನ್ನು ರೈಲುಪ್ರಯಾಣದ ಹೊತ್ತುಗಳೆಯುವ ಪುಸ್ತಕಗಳೆಂದು ಬದಿಗಿಡುವುದು ವಾಡಿಕೆ. ಅವುಗಳಲ್ಲಿ ಬಹುಭಾಗ ಅಷ್ಟಕ್ಕೇ ಯೋಗ್ಯವೆಂಬುದನ್ನು ನಾವೂ ಒಪ್ಪುವೆವು. ಆದರೆ ಮೂರು ನಾಲ್ಕು ಕೃತಿಗಳು ಹಾಗಲ್ಲ. ಯುದ್ಧವೆಂದರೇನು, ರಕ್ಷಣೆಯೆಂದರೇನು ಎಂಬುದನ್ನು ಅವು ನಮ್ಮಿಂದ ಮರು ವಿಚಾರ ಮಾಡಿಸುತ್ತವೆ.

ಆಕಾಶದಿಂದ ಬರುವ ಶತ್ರುವು ನಮಗೆ ಅಪರಿಚಿತನಲ್ಲ. ಭಾರತದ ವನಪರ್ವದಲ್ಲಿ ಸಾಲ್ವರಾಜನು ಗಗನಸಂಚಾರಿಯಾದ ಸೌಭಪುರವನ್ನೇರಿ ಬಂದು, ಕೃಷ್ಣನು ಊರಿನಲ್ಲಿಲ್ಲದ ವೇಳೆಯನ್ನು ನೋಡಿ ದ್ವಾರಕೆಯನ್ನು ಮುತ್ತುತ್ತಾನೆ. ಆಗ ಪಟ್ಟಣವನ್ನು ಭದ್ರಪಡಿಸಿದ ರೀತಿಯು ಅಲ್ಲಿ ಸವಿಸ್ತಾರವಾಗಿದೆ. ಯಾರೂ ಮದ್ಯಪಾನ ಮಾಡಕೂಡದೆಂದು ಸಾರಿದರು. ಸೇತುವೆಗಳನ್ನು ಮುರಿದು ದೋಣಿಗಳನ್ನು ತಡೆದರು. ಮುದ್ರೆಯಿಲ್ಲದವನು ಹೊರಗೆ ಹೋಗಲೂ ಕೂಡದು, ಒಳಗೆ ಬರಲೂ ಕೂಡದು. ಸೈನಿಕರ ಪೈಕಿ ಒಬ್ಬನಿಗಾದರೂ ಸಂಬಳದ ಬಾಕಿ ಇರಲಿಲ್ಲ. ನಟನರ್ತಕಗಾಯಕರನ್ನು ಊರಿನಿಂದ ಹೊರಡಿಸಿದರೆಂದೂ ಇದೆ; ಈ ಸಂಗತಿಯು ಆಕಾಶವಾಣಿಯವರಿಗೆ ಅಷ್ಟಾಗಿ ಪ್ರಿಯವಾಗಲಾರದು. ಇದನ್ನು ಹಿಡಿದು ನಮ್ಮ ಪೂರ್ವಿಕರು ವಿಮಾನಗಳನ್ನು ಕಟ್ಟಿದ್ದರೆಂದು ವಾದಿಸುವ ಉತ್ಸಾಹ ನಮಗಿಲ್ಲ. ಶತ್ರುವು ಎಷ್ಟೇ ಅದ್ಭುತನಾಗಿರಲಿ, ರಕ್ಷಣೆಯ ಕೆಲಸ ಮಾತ್ರ ಸೇತುವೆ, ದೋಣಿ, ಸಂಬಳ, ರಹದಾರಿಗಳ ಕೆಲಸವೇ ಎಂಬುದನ್ನು ಆ ಕವಿಯು ಬಲ್ಲವನಾಗಿದ್ದನೆಂದಷ್ಟೇ ನಮ್ಮ ತಾತ್ಪರ್ಯ.

ಯೂರೋಪಿನಲ್ಲಿ ಈ ಬಗೆಯ ಕಥೆಗೆ ದಾರಿ ಮಾಡಿಕೊಟ್ಟವನೂ ಒಬ್ಬ ಸೇನಾಧಿಕಾರಿ. ಜಾರ್ಜ್ ಚೆಸ್ನಿ ಎಂಬ ಆತನು ಬಂಗಾಳದ ಇಂಜಿನಿಯರ್ ಪಡೆಗೆ ಸೇರಿದವನು. 1857ರಲ್ಲಿ ದೆಹಲಿಯ ಮುತ್ತಿಗೆಯಲ್ಲಿ ಗಾಯಗೊಂಡವನು. 1870ರಲ್ಲಿ ತೊಡಗಿದ ಯುದ್ಧದಲ್ಲಿ ಜರ್ಮನರು ಫ್ರಾನ್ಸ್ ದೇಶವನ್ನು ಕೆಲವೇ ತಿಂಗಳುಗಳಲ್ಲಿ ಮಣಿಸಿದುದನ್ನು ಕಂಡು, ಇಂಗ್ಲೆಂಡಿಗೂ ಅದೇ ಗತಿ ಬರಬಹುದೆಂಬ ಕಳವಳದಿಂದ ಆತನು 1871ರ ಮೇ ತಿಂಗಳಲ್ಲಿ ಬ್ಲ್ಯಾಕ್‌ವುಡ್ ಪತ್ರಿಕೆಯಲ್ಲಿ 'ಡಾರ್ಕಿಂಗ್ ಕದನ'ವೆಂಬ ಕಥೆಯನ್ನು ಪ್ರಕಟಿಸಿದನು. ಐವತ್ತು ವರ್ಷಗಳ ತರುವಾಯ ಒಬ್ಬ ಮುದುಕನು ಮೊಮ್ಮಕ್ಕಳಿಗೆ ತಮ್ಮ ಸೋಲಿನ ಕಥೆಯನ್ನು ಹೇಳುವನು. ಅದರಲ್ಲಿ ವೀರಾವೇಶಕ್ಕಿಂತ ಹೆಚ್ಚಾಗಿ ಕಾಣುವುದು ಗೊಂದಲ: ಊಟವಿಲ್ಲದೆ ನಡೆದ ಸ್ವಯಂಸೇವಕರು, ಎಲ್ಲಿ ನಿಲ್ಲಬೇಕೆಂದು ತಿಳಿಯದ ದಳಗಳು. ಪ್ರಧಾನಮಂತ್ರಿ ಗ್ಲಾಡ್‌ಸ್ಟನ್ನನೇ ಸಾರ್ವಜನಿಕ ಭಾಷಣದಲ್ಲಿ, ಇಂಥ ಭೀತಿಯ ಬರಹದಿಂದ ಬೊಕ್ಕಸಕ್ಕೆ ನಷ್ಟವೆಂದು ಎಚ್ಚರಿಕೆ ಕೊಡಬೇಕಾಯಿತು. ಅಲ್ಲಿಂದ ಮುಂದೆ ದಂಡಯಾತ್ರೆಯ ಕಥೆಗಳು ಸಾಲುಸಾಲಾಗಿ ಹೊರಬಂದುವು. ಶತ್ರುವು ಮಾತ್ರ ಯಾವಾಗಲೂ ನೆರೆಯ ರಾಜ್ಯದವನೇ.

ಆ ಶತ್ರುವನ್ನು ಬದಲಾಯಿಸಿದವನು ಎಚ್. ಜಿ. ವೆಲ್ಸ್. ಅವನ 'ಲೋಕಗಳ ಯುದ್ಧ'ವು 1897ರಲ್ಲಿ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದು, 1898ರಲ್ಲಿ ಪುಸ್ತಕರೂಪವಾಯಿತು. ಆಗ ಮಂಗಳಗ್ರಹದ ಮಾತು ಎಲ್ಲರ ಬಾಯಲ್ಲಿಯೂ ಇದ್ದಿತು. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿಯು ಆ ಗ್ರಹದ ಮೇಲೆ ಕೆಲವು ಗೆರೆಗಳನ್ನು ಕಂಡೆನೆಂದು ಬರೆದಿದ್ದನು. ಅವು ಯಾರೋ ತೋಡಿದ ಕಾಲುವೆಗಳೆಂದು ಅಮೆರಿಕದ ಲೋವೆಲ್ಲನು 1895ರಲ್ಲಿ ಗ್ರಂಥವನ್ನೇ ಬರೆದನು. ರೋಮನರಿಗೂ ನಮಗೂ ಅಂಗಾರಕನು ಮೊದಲಿನಿಂದಲೂ ಯುದ್ಧಕಾರಕ ಗ್ರಹ. ಆದರೆ ವೆಲ್ಸನ ಕಥೆಗೆ ನಿಜವಾದ ಬೀಜ ಬೇರೆ. ಅವನು ಅಣ್ಣ ಫ್ರ್ಯಾಂಕನೊಡನೆ ತಿರುಗಾಡುತ್ತಿದ್ದಾಗ, ಯೂರೋಪಿನವರು ಕಾಲಿಟ್ಟ ಮೇಲೆ ಟಾಸ್ಮೇನಿಯ ದ್ವೀಪದ ಮೂಲನಿವಾಸಿಗಳಿಗೆ ಒದಗಿದ ಸರ್ವನಾಶದ ಮಾತು ಬಂದಿತು. ಅಂಥ ಜನವೇ ಆಕಾಶದಿಂದ ಇಲ್ಲಿ ಇಳಿದರೆ ಏನಾದೀತೆಂದು ಅಣ್ಣನು ಕೇಳಿದನು. ಪುಸ್ತಕವು ಅವನಿಗೇ ಅರ್ಪಿತವಾಗಿದೆ.

ಇನ್ನು ಯುದ್ಧದ ಭಾಗ. ವೆಲ್ಸನು ಆಗ ಲಂಡನ್ನಿನ ನೈರುತ್ಯಕ್ಕಿರುವ ವೋಕಿಂಗ್ ಊರಿನಲ್ಲಿ ವಾಸವಾಗಿದ್ದು, ಬೈಸಿಕಲ್ಲಿನ ಮೇಲೆ ಸುತ್ತಿ ಕಂಡ ಹಳ್ಳಿಗಳನ್ನೇ ಕಥೆಯಲ್ಲಿ ಸುಟ್ಟುಬಿಟ್ಟನು. ಹಾರ್ಸೆಲ್ ಬಯಲಿನಲ್ಲಿ ಮೊದಲನೆಯ ಲೋಹದ ಉರುಳೆ ಬಿದ್ದಾಗ ಜನರು ಜಾತ್ರೆಗೆ ಬಂದಂತೆ ನೆರೆಯುತ್ತಾರೆ. ಬಿಳಿಯ ಬಾವುಟವನ್ನು ಹಿಡಿದು ಸಂಧಿಗೆ ಹೋದವರನ್ನು ಉಷ್ಣಕಿರಣವೊಂದು ಕ್ಷಣಮಾತ್ರದಲ್ಲಿ ಭಸ್ಮಮಾಡುತ್ತದೆ. ಸೈನ್ಯವು ಬಂದು ಬಯಲನ್ನು ಸುತ್ತುವರಿಯುತ್ತದೆ. ಮೂರು ಕಾಲಿನ ಮಹಾಯಂತ್ರಗಳು ಎದ್ದುನಿಂತ ಮೇಲೆ ಸುತ್ತುವರಿದವರೇ ಸಿಕ್ಕಿಬೀಳುತ್ತಾರೆ. ಷೆಪರ್ಟನ್ನಿನ ನದೀತೀರದಲ್ಲಿ ಮರೆಯಲ್ಲಿಟ್ಟಿದ್ದ ಫಿರಂಗಿಯ ಒಂದು ಗುಂಡು ಗುರಿಮುಟ್ಟಿ ಒಂದು ಯಂತ್ರವು ಉರುಳುವುದು. ಓದುಗನು ಇನ್ನೇನು ಗೆದ್ದೆವೆಂದುಕೊಳ್ಳುವ ಹೊತ್ತಿಗೆ ಶತ್ರುವು ಪಾಠ ಕಲಿತಿರುತ್ತಾನೆ. ಆಮೇಲೆ ಅವನು ಫಿರಂಗಿಗಳ ಎದುರಿಗೆ ಬರುವುದೇ ಇಲ್ಲ; ಅವು ಅಡಗಿರಬಹುದಾದ ಪ್ರತಿಯೊಂದು ತೋಪಿನ ಮೇಲೆಯೂ ದೂರದಿಂದಲೇ ವಿಷದ ಕರಿಹೊಗೆಯನ್ನು ಬಿಟ್ಟು ಮುಂದೆ ಸಾಗುತ್ತಾನೆ. 1915ರ ಏಪ್ರಿಲ್ 22ರಂದು ಈಪ್ರ್ ರಣರಂಗದಲ್ಲಿ ಜರ್ಮನರು ಕ್ಲೋರಿನ್ ಅನಿಲವನ್ನು ಬಿಟ್ಟಾಗ, ಈ ಪುಟಗಳನ್ನು ಓದಿದ್ದವರಿಗೆ ಏನೆನ್ನಿಸಿತೋ ಊಹಿಸಬಹುದು. ಎಸೆಕ್ಸ್ ತೀರದಲ್ಲಿ, ನಿರಾಶ್ರಿತರು ತುಂಬಿದ ಹಡಗುಗಳನ್ನು ಕಾಯಲು 'ಥಂಡರ್ ಚೈಲ್ಡ್' ಎಂಬ ಸಮರನೌಕೆಯು ಗುಂಡು ಹಾರಿಸದೆಯೇ ನೇರವಾಗಿ ನುಗ್ಗಿ, ತಾನು ಉರಿಯುತ್ತಿದ್ದರೂ ಎರಡು ಯಂತ್ರಗಳನ್ನು ಕೆಡವಿ ಮುಳುಗುವುದು. ಇಡೀ ಪುಸ್ತಕದಲ್ಲಿ ಕ್ಷಾತ್ರಧರ್ಮವು ಸಾರ್ಥಕವಾದ ಪ್ರಸಂಗ ಇದೊಂದೇ ಎನ್ನಬೇಕು. ಅಲ್ಲಿಯೂ ಸಾರ್ಥಕವಾದುದು ಜಯವಲ್ಲ, ಹಡಗುಗಳು ದಾಟಿಹೋದುವೆಂಬುದು.

ಇದಕ್ಕಿಂತಲೂ ನಮಗೆ ಮೆಚ್ಚಿಗೆಯಾದುದು ಪಟ್ನಿ ದಿಣ್ಣೆಯ ಮೇಲಣ ಫಿರಂಗಿ ಸಿಪಾಯಿಯ ಪ್ರಕರಣ. ಆತನು ತನ್ನ ದಳದಲ್ಲಿ ಬದುಕಿ ಉಳಿದವನು. ಲಂಡನ್ನಿನ ನೆಲದೊಳಗಿನ ಚರಂಡಿಗಳಲ್ಲಿ ಬಲಿಷ್ಠರ ಒಂದು ಸಮಾಜವನ್ನು ಕಟ್ಟಿ, ದುರ್ಬಲರನ್ನು ಕಳಚಿಹಾಕಿ, ವಿಜ್ಞಾನವನ್ನು ಕಾಪಾಡಿ, ಕಡೆಗೆ ಶತ್ರುವಿನ ಯಂತ್ರಗಳನ್ನೇ ಹಿಡಿದು ಅವನ ಮೇಲೆ ತಿರುಗಿಸಬೇಕೆಂದು ಆತನು ಗಂಟೆಗಟ್ಟಲೆ ಹೇಳುತ್ತಾನೆ. ಕೇಳುವವನಿಗೆ ಮೈ ಜುಮ್ಮೆನ್ನುತ್ತದೆ. ಬಳಿಕ ಆತನು ಚರಂಡಿಯನ್ನು ಸೇರಲು ತೋಡುತ್ತಿರುವ ಬಿಲವನ್ನು ತೋರಿಸುತ್ತಾನೆ. ಒಂದು ವಾರದ ಕೆಲಸ ಹತ್ತು ಗಜವೂ ಸರಿಯಾಗಿ ಮುಟ್ಟಿಲ್ಲ. ಕಥಾನಾಯಕನು ಅದನ್ನು ಒಂದು ದಿನದಲ್ಲಿ ತೋಡಬಲ್ಲೆನೆಂದುಕೊಳ್ಳುತ್ತಾನೆ. ಸ್ವಲ್ಪ ಹೊತ್ತು ಅಗೆದ ಮೇಲೆ ಇಬ್ಬರೂ ಗುದ್ದಲಿಯನ್ನು ಬಿಟ್ಟು, ಷಾಂಪೇನ್ ಕುಡಿದು ಇಸ್ಪೀಟು ಆಡಲು ಕುಳಿತುಬಿಡುತ್ತಾರೆ. ಆ ಸಿಪಾಯಿಯ ಮಾತನ್ನೇ ನಿಜವೆಂದು ನಂಬಿ ಗ್ರಂಥ ಬರೆದವರು ಮುಂದೆ ಬಹುಮಂದಿ ಆದರು. ಆ ಹತ್ತು ಗಜದ ಬಿಲವನ್ನು ಅವರು ಗಮನಿಸಲಿಲ್ಲ.

ಕಡೆಗೆ ಮಂಗಳಗ್ರಹದವರು ಸಾಯುವುದು ಫಿರಂಗಿಯಿಂದಲ್ಲ, ಭೂಮಿಯ ಸೂಕ್ಷ್ಮಜೀವಿಗಳಿಂದ. ಇದು ಕಥೆಗಾರನು ಇಕ್ಕಟ್ಟಿನಿಂದ ಪಾರಾಗಲು ಹೂಡಿದ ಉಪಾಯವೆಂದು ಆಕ್ಷೇಪಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. ವೆಲ್ಸನು ಹಕ್ಸ್‌ಲಿಯ ಬಳಿ ಜೀವಶಾಸ್ತ್ರವನ್ನು ಓದಿದವನು; ಪುಸ್ತಕದ ಮೊದಲನೆಯ ವಾಕ್ಯದಲ್ಲಿಯೇ ಒಂದು ಹನಿ ನೀರಿನಲ್ಲಿ ಕಿಲಬಿಲಗುಟ್ಟುವ ಜೀವಿಗಳನ್ನು ಸೂಕ್ಷ್ಮದರ್ಶಕದಿಂದ ನೋಡುವವನ ಉಪಮೆಯನ್ನು ಇಟ್ಟುಕೊಂಡೇ ಹೊರಟಿದ್ದಾನೆ. ನಿಜವಾದ ಚರಿತ್ರೆಯಲ್ಲಿ ರೋಗವು ಆಕ್ರಮಣ ಮಾಡಿದವನ ಪಕ್ಷವನ್ನೇ ಹಿಡಿದಿತು: 1520ರಲ್ಲಿ ಮೆಕ್ಸಿಕೋವಿನ ಟೆನೊಚ್‌ಟಿಟ್ಲಾನ್ ನಗರವನ್ನು ಸ್ಪೇನಿನವರಿಗಿಂತ ಮುಂದಾಗಿ ಸಿಡುಬು ಹಾಳುಮಾಡಿತು. ವೆಲ್ಸನು ಆ ತಕ್ಕಡಿಯನ್ನು ತಿರುಗಿಸಿದನು. ಟಾಸ್ಮೇನಿಯದವರಿಗೆ ದೊರೆಯದ ರಕ್ಷಣೆಯು ಇಂಗ್ಲೆಂಡಿನವರಿಗೆ ಪುಕ್ಕಟೆಯಾಗಿ ದೊರೆಯಿತು.

ನಾವು ಮೈಸೂರಿನ ಸೀಮೆಯವರು ಈ ಪುಸ್ತಕವನ್ನು ಓದುವುದು ಸ್ವಲ್ಪ ಬೇರೆಯ ಕಡೆಯಿಂದ. ಶ್ರೇಷ್ಠವಾದ ಆಯುಧವುಳ್ಳವನಿಗೆ ಜಯವು ಕಟ್ಟಿಟ್ಟದ್ದೆಂಬ ಮಾತನ್ನು ಶ್ರೀರಂಗಪಟ್ಟಣವು ಅಷ್ಟು ಸುಲಭವಾಗಿ ಒಪ್ಪಲಾರದು. ಹೈದರ್ ಟಿಪ್ಪುಗಳ ಕಾಲದ ಕಬ್ಬಿಣದ ಕೊಳವೆಯ ಬಾಣಗಳು ಯೂರೋಪಿನವರಿಗೆ ಹೊಸವು. ಇಲ್ಲಿಂದ ಹೋದವುಗಳ ಮಾದರಿಯ ಮೇಲೆಯೇ ಕಾಂಗ್ರೀವನು ತನ್ನ ರಾಕೆಟ್ಟುಗಳನ್ನು ಬೆಳೆಸಿದನು. ಆದರೂ 1799ರ ಮೇ 4ರಂದು ಕೋಟೆಯು ಬಿದ್ದುಹೋಯಿತು. ಬಾಣದ ವಿದ್ಯೆಯು ಹಡಗನ್ನೇರಿತು.

ಆಕಾಶವಾಣಿಗೂ ಈ ಕಥೆಗೂ ಹಳೆಯ ನಂಟು. 1938ರ ಅಕ್ಟೋಬರ್ 30ರ ರಾತ್ರಿ ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಎಂಬ ನಟನು (ಗ್ರಂಥಕರ್ತನಿಗೆ ಬಂಧುವಲ್ಲ) ಇದನ್ನು ವಾರ್ತಾಪ್ರಸಾರದ ರೂಪದಲ್ಲಿ ಬಾನುಲಿ ನಾಟಕವಾಗಿ ಬಿತ್ತರಿಸಿದನು. ದೇಶವೆಲ್ಲ ಗಾಬರಿಯಿಂದ ಬೀದಿಗೆ ಬಿದ್ದಿತೆಂದು ಮರುದಿನದ ಪತ್ರಿಕೆಗಳು ಬರೆದುವು; ಅದರಲ್ಲಿ ಉತ್ಪ್ರೇಕ್ಷೆಯೇ ಹೆಚ್ಚೆಂಬುದು ಇತ್ತೀಚಿನ ವಿದ್ವಾಂಸರ ಮತ. 1949ರ ಫೆಬ್ರವರಿಯಲ್ಲಿ ದಕ್ಷಿಣ ಅಮೆರಿಕದ ಕೀಟೋ ನಗರದಲ್ಲಿ ಆದದ್ದು ಮಾತ್ರ ಉತ್ಪ್ರೇಕ್ಷೆಯಲ್ಲ. ತಾವು ಮೋಸಹೋದೆವೆಂದು ತಿಳಿದ ಜನರು ಸಿಟ್ಟಿಗೆದ್ದು, ಬಾನುಲಿ ನಿಲಯವೂ ಪತ್ರಿಕಾಲಯವೂ ಇದ್ದ ಕಟ್ಟಡಕ್ಕೆ ಬೆಂಕಿಯಿಟ್ಟರು, ಪ್ರಾಣಹಾನಿಯೂ ಆಯಿತು.

ಎರಡನೆಯ ಮಹಾಯುದ್ಧದ ತರುವಾಯ ಕಥೆಯ ಧಾಟಿ ಬದಲಾಯಿತು. ಮನುಷ್ಯನು ಗೆಲ್ಲತೊಡಗಿದನು. ಅಮೆರಿಕದ ನೌಕಾಶಾಲೆಯಲ್ಲಿ ತರಬೇತಿ ಪಡೆದ ಹೈನ್‌ಲೈನನು 1959ರಲ್ಲಿ ಬರೆದ ಕಾದಂಬರಿಯಲ್ಲಿ, ಯಂತ್ರಕವಚವನ್ನು ತೊಟ್ಟ ಪದಾತಿಗಳು ಬೇರೆ ಗ್ರಹಗಳ ಮೇಲೆಯೇ ಧುಮುಕಿ ಹೋರಾಡುತ್ತಾರೆ. ಸೇವೆಯನ್ನು ಮುಗಿಸಿದವನಿಗಲ್ಲದೆ ಮತಾಧಿಕಾರವಿಲ್ಲ. ಶತ್ರುಗಳನ್ನು ಹುಳುಗಳೆಂದೇ ಕರೆಯುತ್ತಾರೆ. ಸೈನಿಕನ ಶಿಸ್ತು, ಗೆಳೆತನ, ಭಯಗಳ ವರ್ಣನೆಯಲ್ಲಿ ಆ ಪುಸ್ತಕಕ್ಕೆ ಸರಿಗಟ್ಟುವುದು ಕಷ್ಟ. ಆದರೆ ಹುಳುವೆಂಬ ಆ ಒಂದು ಶಬ್ದದಿಂದ ಎಷ್ಟು ಪ್ರಶ್ನೆಗಳು ಹುಟ್ಟುವ ಮೊದಲೇ ಸಾಯುತ್ತವೆಂಬುದನ್ನು ನೋಡಬೇಕು. ಶರಣಾಗತಿ, ಸಂಧಿ, ಸೆರೆಯಾಳು, ಗಾಯಾಳು, ಇವೆಲ್ಲ ಮನುಷ್ಯರ ಯುದ್ಧಕ್ಕೆ ಸೇರಿದ ಮಾತುಗಳು. ಹುಳುವಿನೊಡನೆ ಯಾರು ಸಂಧಿ ಮಾಡಿಕೊಳ್ಳುವರು? ಭೂಮಿಯ ಯುದ್ಧಗಳಲ್ಲಿಯೂ ಕೊಲೆಗೆ ಮೊದಲು ಇಂಥ ಹೆಸರುಗಳನ್ನು ಇಟ್ಟದ್ದುಂಟು.

ಇದಕ್ಕೆ ಉತ್ತರವೆಂಬಂತೆ ಇರುವುದು ಜೋ ಹಾಲ್ಡ್‌ಮನ್ ಬರೆದ, 1974ರಲ್ಲಿ ಬಂದ 'ಅನಂತ ಯುದ್ಧ'. ಗ್ರಂಥಕರ್ತನು ವಿಯೆಟ್ನಾಮಿನಲ್ಲಿ ಹೋರಾಡಿ ಗಾಯಗೊಂಡವನು. ಅವನ ಸೈನಿಕರು ಬೆಳಕಿನ ವೇಗಕ್ಕೆ ಸಮೀಪವಾಗಿ ಪ್ರಯಾಣಮಾಡುವುದರಿಂದ, ಐನ್‌ಸ್ಟೈನನ ಸಿದ್ಧಾಂತದಂತೆ, ಅವರಿಗೆ ಎರಡು ವರ್ಷ ಕಳೆದಾಗ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದಿರುತ್ತವೆ. ಮುಂದೆ ಶತಮಾನಗಳೇ ಕಳೆಯುತ್ತವೆ. ಮಗಳಿಗೆ ವರನನ್ನು ಕೇಳಲೆಂದು ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಯುಗಗಳೇ ಉರುಳಿಹೋದ ಕಕುದ್ಮಿರಾಜನ ಕಥೆಯನ್ನು ಭಾಗವತದಲ್ಲಿ ಕೇಳಿದವರಿಗೆ ಇದು ಹೊಸದೆನಿಸದು. ಕಕುದ್ಮಿಗಾದರೋ ಬಲರಾಮನಂಥ ಅಳಿಯನು ದೊರೆತನು. ಈ ಸಿಪಾಯಿಗೆ ಕೈತುಂಬ ಬಾಕಿ ಸಂಬಳ ದೊರೆಯುತ್ತದೆ, ಊರು ದೊರೆಯುವುದಿಲ್ಲ. ತಾನು ಕಾಯಲು ಹೊರಟ ನಾಡಿನ ಮಾತೂ ನಡೆಯೂ ತನಗೇ ಅಪರಿಚಿತವಾಗಲು, ಅವನು ಬೇರೆ ದಾರಿಯಿಲ್ಲದೆ ದಂಡಿಗೇ ಹಿಂತಿರುಗುತ್ತಾನೆ. ಸಾವಿರ ವರ್ಷಗಳಿಗೂ ಮೇಲೆ ನಡೆದ ಆ ಯುದ್ಧವು, ಎರಡು ಪಕ್ಷದವರೂ ಪರಸ್ಪರ ಮಾತನ್ನು ಅರಿಯದೆ ತೊಡಗಿದ ತಪ್ಪು ಗ್ರಹಿಕೆಯೆಂದು ಕಡೆಯಲ್ಲಿ ತಿಳಿಯುತ್ತದೆ.

ಈ ನಡುವೆ ಅಂಗಾರಕನ ವಾಸ್ತವವೂ ಹೊರಬಿದ್ದಿತು. 1965ರ ಜುಲೈಯಲ್ಲಿ ಮ್ಯಾರಿನರ್ 4 ಎಂಬ ನೌಕೆಯು ಕಳುಹಿಸಿದ ಚಿತ್ರಗಳಲ್ಲಿ ಕಾಲುವೆಗಳಿರಲಿಲ್ಲ, ಕುಳಿಬಿದ್ದ ಬರಡು ನೆಲವಿದ್ದಿತು. 2014ರ ಸೆಪ್ಟೆಂಬರ್ 24ರಂದು ಭಾರತದ ನೌಕೆಯೊಂದು ಆ ಗ್ರಹದ ಕಕ್ಷೆಯನ್ನು ಸೇರಿತು. ಅದನ್ನು ನಡೆಸಿದ ನಿಯಂತ್ರಣಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ. ಉರುಳೆಗಳು ಹೊರಟದ್ದು ಈ ಕಡೆಯಿಂದ ಆ ಕಡೆಗೆ.

ಹಾಗಾದರೆ ಲೋಕಾಂತರದ ಆಕ್ರಮಣಕ್ಕೆದುರಾಗಿ ಭೂಮಿಯು ಎಂದಾದರೂ ನಿಜವಾಗಿ ಕಾವಲು ನಿಂತದ್ದುಂಟೇ? ಒಮ್ಮೆ ಉಂಟು, ಅದೂ ವೆಲ್ಸನ ಉಪಾಯವನ್ನು ತಿರುವುಹಾಕಿ. 1967ರ ಬಾಹ್ಯಾಕಾಶ ಒಪ್ಪಂದದಲ್ಲಿ, ಹೊರಗಿನಿಂದ ತರುವ ಪದಾರ್ಥದಿಂದ ಭೂಮಿಗೆ ಕೆಡುಕಾಗದಂತೆ ನೋಡಿಕೊಳ್ಳಬೇಕೆಂದು ರಾಷ್ಟ್ರಗಳು ಒಪ್ಪಿದ್ದುವು. 1969ರ ಜುಲೈಯಲ್ಲಿ ಚಂದ್ರನಿಂದ ಮರಳಿದ ಮೂವರನ್ನು ಹಡಗಿನ ಮೇಲೆಯೇ ಒಂದು ಗಾಡಿಯೊಳಗೆ ಕೂಡಿಹಾಕಿದರು; ರಾಷ್ಟ್ರಾಧ್ಯಕ್ಷನು ಬಂದು ಅವರನ್ನು ಅಭಿನಂದಿಸಿದ್ದು ಕಿಟಕಿಯ ಗಾಜಿನ ಹೊರಗೆ ನಿಂತು. ಚಂದ್ರನನ್ನು ಬಿಟ್ಟಂದಿನಿಂದ ಲೆಕ್ಕಹಾಕಿ ಇಪ್ಪತ್ತೊಂದು ದಿನ ಅವರಿಗೆ ದಿಗ್ಬಂಧನ. ಅತ್ತ ಪ್ರಯೋಗಶಾಲೆಯಲ್ಲಿ ಇಲಿಗಳಿಗೆ ಚಂದ್ರನ ಧೂಳನ್ನು ಸೋಂಕಿಸಿ ಕಾದು ನೋಡಿದರು. ಇಲಿಗಳಿಗೆ ಏನೂ ಆಗಲಿಲ್ಲ. ಇನ್ನೆರಡು ಯಾತ್ರೆಗಳ ಪ್ರಯಾಣಿಕರನ್ನು ಹೀಗೆಯೇ ಇಟ್ಟು ನೋಡಿ, 1971ರಲ್ಲಿ ಆ ಕಾವಲನ್ನು ತೆಗೆದುಹಾಕಿದರು.