ಕೆಡಹುವವನಿಗೂ ಅರ್ಹತೆ ಬೇಕು

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕಟ್ಟಡ ಕಟ್ಟುವವನ ಅರ್ಹತೆಯನ್ನು ಎಲ್ಲರೂ ವಿಚಾರಿಸುತ್ತಾರೆ. ಕೆಡಹುವವನ ಅರ್ಹತೆಯನ್ನು ವಿಚಾರಿಸುವವರು ಕಡಿಮೆ. ಬೀಳಿಸುವುದಕ್ಕೆ ವಿದ್ಯೆ ಏತಕ್ಕೆ, ಚಿಕ್ಕದಾದರೆ ಹಾರೆ ಸಾಕು, ದೊಡ್ಡದಾದರೆ ಸಿಡಿಮದ್ದು ಸಾಕು ಎಂಬ ಭಾವನೆ ಜನಸಾಮಾನ್ಯರಲ್ಲಿ ಮಾತ್ರವಲ್ಲ, ಟೆಂಡರು ಕರೆಯುವ ಅಧಿಕಾರಿಗಳಲ್ಲಿಯೂ ಉಂಟು. ಈ ಭಾವನೆಗೆ ತೆರಬೇಕಾದ ಬೆಲೆ ಯಾವುದೆಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ಮೊದಲು ಕೆಲಸದ ಬಗೆಯನ್ನು ತಿಳಿಯೋಣ. ಎತ್ತರದ ಕಟ್ಟಡವನ್ನು ಮದ್ದಿನಿಂದ ಉರುಳಿಸುವಾಗ ಅದನ್ನು ಚೂರುಚೂರಾಗಿ ಹಾರಿಸುವುದಿಲ್ಲ. ಆಯ್ದ ಕಂಬಗಳಲ್ಲಿ ಮಾತ್ರ ಮದ್ದಿಟ್ಟು, ಒಂದರ ಹಿಂದೆ ಒಂದು ಕ್ಷಣಾಂಶದ ಅಂತರದಲ್ಲಿ ಸಿಡಿಸಿ, ಆಧಾರವನ್ನು ತೆಗೆದುಬಿಡುತ್ತಾರೆ. ಉಳಿದ ಕೆಲಸವನ್ನು ಕಟ್ಟಡದ ಭಾರವೇ ಮಾಡುತ್ತದೆ. ಕಲ್ಲುಗಣಿಯಲ್ಲಿ ಮದ್ದು ಹಾಕುವವನಿಗೆ ಬಂಡೆ ಒಡೆದರೆ ಸಾಕು. ಊರ ನಡುವೆ ಮದ್ದು ಹಾಕುವವನು ಒಂದು ಚೂರೂ ಅಂಗಳ ದಾಟದಂತೆ ನೋಡಿಕೊಳ್ಳಬೇಕು. ಒಂದನ್ನು ಬಲ್ಲವನು ಇನ್ನೊಂದನ್ನೂ ಬಲ್ಲನೆಂದು ಹೇಳಲಾಗದು.

ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಸರೋವರದ ದಂಡೆಯ ಮೇಲೆ ಹಳೆಯ ಸರ್ಕಾರಿ ಆಸ್ಪತ್ರೆಯೊಂದಿತ್ತು. 1991ರಲ್ಲಿ ಅದನ್ನು ಮುಚ್ಚಿದರು. ಆ ಜಾಗದಲ್ಲಿ ವಸ್ತುಸಂಗ್ರಹಾಲಯ ಕಟ್ಟಲು 1997ರ ಜುಲೈ 13ರ ಭಾನುವಾರ ಆಸ್ಪತ್ರೆಯನ್ನು ಮದ್ದಿನಿಂದ ಕೆಡಹುವುದೆಂದು ಗೊತ್ತಾಯಿತು. ಸರ್ಕಾರವೇ ಜನರನ್ನು ಕರೆದು ಅದನ್ನೊಂದು ಜಾತ್ರೆಯನ್ನಾಗಿ ಮಾಡಿತು. ಒಂದು ಲಕ್ಷಕ್ಕೂ ಹೆಚ್ಚು ಜನ, ಮಕ್ಕಳುಮರಿಗಳೊಡನೆ ಸರೋವರದ ಸುತ್ತ ನೆರೆದರು.

ಮದ್ದು ಸಿಡಿಯಿತು. ಕಟ್ಟಡ ಪೂರ್ತಿಯಾಗಿ ಬೀಳಲೂ ಇಲ್ಲ. ಆದರೆ ಉಕ್ಕಿನ ಚೂರುಗಳು ನೀರನ್ನು ದಾಟಿ ಜನರ ನಡುವೆ ಬಂದು ಬಿದ್ದವು. ಸುಮಾರು 430 ಮೀಟರು ದೂರದಲ್ಲಿ ಮನೆಯವರೊಡನೆ ನಿಂತಿದ್ದ 12 ವರ್ಷದ ಹುಡುಗಿಯೊಬ್ಬಳಿಗೆ ಸುಮಾರು ಒಂದು ಕಿಲೋ ತೂಕದ ತುಂಡು ಬಡಿದು ಅವಳು ಅಲ್ಲಿಯೇ ಸತ್ತಳು. ಇನ್ನೂ ಹಲವರು ಗಾಯಗೊಂಡರು.

ಇದನ್ನು ವಿಧಿಯಾಟವೆಂದು ಕೈತೊಳೆದುಕೊಳ್ಳುವಂತಿರಲಿಲ್ಲ. ಮರಣ ವಿಚಾರಣಾಧಿಕಾರಿಯ ವರದಿ 1999ರಲ್ಲಿ ಹೊರಬಿದ್ದಿತು. ಮದ್ದಿನ ಕೆಲಸ ಹಿಡಿದವನಿಗೆ ಅಂಥ ಕೆಲಸಕ್ಕೆ ತಕ್ಕ ಸಾಮರ್ಥ್ಯವಿರಲಿಲ್ಲ. ಉಕ್ಕಿನ ಕಂಬವನ್ನು ಅಲಗಿನಂತೆ ಕತ್ತರಿಸುವ ವಿಶೇಷ ಮದ್ದುಂಟು. ಅದನ್ನು ಬಿಟ್ಟು ಬೇರೆ ವಿಧಾನ ಹಿಡಿದು, ಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚು ಮದ್ದನ್ನು ತುಂಬಲಾಗಿತ್ತು. ವರದಿ ಅಲ್ಲಿಗೇ ನಿಲ್ಲದೆ ಅವನನ್ನು ನೇಮಿಸಿದವರನ್ನೂ ಮೇಲ್ವಿಚಾರಣೆ ನಡೆಸಬೇಕಾಗಿದ್ದವರನ್ನೂ ಟೀಕಿಸಿತು.

ಗುತ್ತಿಗೆಯ ಸರಪಳಿಯನ್ನು ನೋಡಿರಿ. ಸರ್ಕಾರ ಕೆಲಸವನ್ನು ತನ್ನದೇ ಒಂದು ಕಂಪೆನಿಗೆ ವಹಿಸಿತು. ಅದು ಇನ್ನೊಂದು ಸಂಸ್ಥೆಗೆ ನಿರ್ವಹಣೆ ಒಪ್ಪಿಸಿತು. ಅದರ ಕೆಳಗೆ ಕೆಡಹುವ ಗುತ್ತಿಗೆದಾರ, ಅವನ ಕೆಳಗೆ ಮದ್ದಿನ ಒಳಗುತ್ತಿಗೆದಾರ. ಒಂದೊಂದು ಮೆಟ್ಟಿಲಿನಲ್ಲಿಯೂ ಮೇಲಿನವನು ಕೆಳಗಿನವನು ನೋಡಿಕೊಳ್ಳುತ್ತಾನೆಂದು ಸುಮ್ಮನಾದರೆ, ಕೊನೆಯಲ್ಲಿ ಮದ್ದು ಹಿಡಿದ ಕೈಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಒಳಗುತ್ತಿಗೆಯಲ್ಲಿ ದುಡಿದ ಕಾರ್ಮಿಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂಲಿ ಕೇಳಿದಾಗಲೂ ಕೈಕಾಲು ಮುರಿದಾಗಲೂ ಜವಾಬ್ದಾರಿ ಹೇಗೆ ಕೈಯಿಂದ ಕೈಗೆ ಜಾರುತ್ತದೆಂಬುದನ್ನು ನೀವು ಬಲ್ಲಿರಿ.

ಈಗ ನಮ್ಮ ದೇಶದ ಉದಾಹರಣೆಗೆ ಬರೋಣ. ದೆಹಲಿಯ ಬಳಿಯ ನೋಯ್ಡಾದಲ್ಲಿ ಸೂಪರ್‌ಟೆಕ್ ಕಂಪೆನಿ ಕಟ್ಟಿದ ಎರಡು ಗೋಪುರಗಳು ಅಕ್ರಮವೆಂದು ಪಕ್ಕದ ನಿವಾಸಿಗಳೇ ಸಂಘ ಕಟ್ಟಿಕೊಂಡು ನ್ಯಾಯಾಲಯಕ್ಕೆ ಹೋದರು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು, ಕಂಪೆನಿಯ ಖರ್ಚಿನಲ್ಲಿಯೇ ಅವನ್ನು ಕೆಡಹಬೇಕೆಂದು ತೀರ್ಪಿತ್ತಿತು. ಗೋಪುರಗಳ ಎತ್ತರ ಸುಮಾರು 100 ಮೀಟರು. ಜನ ವಾಸಿಸುತ್ತಿದ್ದ ಮನೆಗಳು ಕೆಲವೇ ಮೀಟರು ದೂರದಲ್ಲಿದ್ದವು.

ಅಲ್ಲಿ ಕೆಲಸ ವಹಿಸಿಕೊಂಡದ್ದು ಮುಂಬಯಿಯ ಎಡಿಫಿಸ್ ಸಂಸ್ಥೆ. ಅದರ ಜೊತೆಗಾರ ದಕ್ಷಿಣ ಆಫ್ರಿಕದ ಜೆಟ್ ಡೆಮಾಲಿಷನ್ಸ್. ಜೋಹಾನ್ಸ್‌ಬರ್ಗಿನಲ್ಲಿ 2019ರಲ್ಲಿ ನೂರು ಮೀಟರು ಮೀರಿದ ಕಟ್ಟಡವನ್ನು ಉರುಳಿಸಿದ್ದವರು ಇವರೇ. ಇಬ್ಬರೂ ಸೇರಿ 2020ರ ಜನವರಿಯಲ್ಲಿ ಕೊಚ್ಚಿಯ ಮರಡಿನ ಬಹುಮಹಡಿ ಮನೆಗಳನ್ನು ಕೆಡಹುವ ಕೆಲಸದಲ್ಲಿಯೂ ಇದ್ದರು. ಆದರೂ ಹಿಂದಿನ ಹೆಸರನ್ನು ನಂಬಿ ಯಾರೂ ಸುಮ್ಮನೆ ಕೂರಲಿಲ್ಲ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಯೋಜನೆಯನ್ನು ಪರಿಶೀಲಿಸಿತು. 2022ರ ಏಪ್ರಿಲ್‌ನಲ್ಲಿ ಪ್ರಯೋಗಕ್ಕೆಂದು ಕೆಲವು ಕಂಬಗಳನ್ನು ಮಾತ್ರ ಸಿಡಿಸಿ ನೋಡಿದರು. ಚೂರು ಹಾರದಂತೆ ಕಂಬಗಳಿಗೆ ತಂತಿ ಬಲೆಯನ್ನೂ ದಪ್ಪ ಬಟ್ಟೆಯನ್ನೂ ಸುತ್ತಿದರು. ಪಕ್ಕದ ಕಟ್ಟಡಗಳಿಗೆ ಹಾನಿಯಾದೀತೆಂದು 100 ಕೋಟಿ ರೂಪಾಯಿಗೆ ವಿಮೆ ಮಾಡಿಸಿದರು. ಸುಮಾರು 5,000 ಜನರನ್ನು ಹೊರಗೆ ಕಳುಹಿಸಿದರು. 2022ರ ಆಗಸ್ಟ್ 28ರ ಮಧ್ಯಾಹ್ನ 3,700 ಕಿಲೋ ಮದ್ದು ಸಿಡಿದು ಎರಡೂ ಗೋಪುರಗಳು ಕೆಲವೇ ಸೆಕೆಂಡುಗಳಲ್ಲಿ ಕುಸಿದವು. ಪಕ್ಕದ ಒಂದು ಕಾಂಪೌಂಡು ಗೋಡೆಗೆ ಪೆಟ್ಟಾಯಿತು. ಧೂಳು ಮುಗಿಲಿಗೇರಿತು. ಪ್ರಾಣಹಾನಿ ಮಾತ್ರ ಆಗಲಿಲ್ಲ.

ಒಂದು ಕಡೆ ಅರ್ಧ ಕಿಲೋಮೀಟರಿನಷ್ಟು ದೂರ ನಿಂತವಳೂ ಉಳಿಯಲಿಲ್ಲ. ಇನ್ನೊಂದು ಕಡೆ ಕೂಗಳತೆಯ ಮನೆಗಳೂ ಉಳಿದವು. ವ್ಯತ್ಯಾಸ ಮದ್ದಿನಲ್ಲಿಲ್ಲ. ಕೆಲಸ ಬಲ್ಲವನನ್ನು ಆರಿಸಿದ್ದರಲ್ಲಿದೆ, ಆರಿಸಿದ ಮೇಲೂ ಅವನನ್ನು ಪರೀಕ್ಷಿಸಿದ್ದರಲ್ಲಿದೆ.

ನಮ್ಮಲ್ಲಿ ಸ್ಫೋಟಕಗಳ ಕಾಯಿದೆ 1884ರಿಂದಲೂ ಇದೆ, 2008ರ ನಿಯಮಗಳಿವೆ. ಮದ್ದು ಕೊಳ್ಳಲು, ಇಟ್ಟುಕೊಳ್ಳಲು ಲೈಸೆನ್ಸು ಬೇಕು. ಆದರೆ ಮದ್ದು ಇಟ್ಟುಕೊಳ್ಳುವ ಲೈಸೆನ್ಸು ಕಟ್ಟಡ ಉರುಳಿಸುವ ವಿದ್ಯೆಗೆ ಪ್ರಮಾಣವಲ್ಲ. ಗಿರಣಿಯಲ್ಲಿ ಬಾಯ್ಲರಿನ ಬಳಿ ಪ್ರಮಾಣಪತ್ರವಿಲ್ಲದವನನ್ನು ನಿಲ್ಲಿಸಿದರೆ ನೀವು ಒಪ್ಪುವಿರಾ? ಅಂಗಡಿಯ ತಕ್ಕಡಿಗೇ ಸರ್ಕಾರದ ಮುದ್ರೆ ಬೇಕು. ಒಂದು ಬೀದಿಯನ್ನೇ ನಡುಗಿಸುವ ಕೆಲಸಕ್ಕೆ ಕಡಿಮೆ ದರವೊಂದೇ ಯೋಗ್ಯತೆಯಾದರೆ ಆ ಉಳಿತಾಯ ಯಾರ ಲೆಕ್ಕಕ್ಕೆ ಬೀಳುತ್ತದೆ? ಕಂಬ ಕೊರೆಯುವ ಕೂಲಿಯವನ ಲೆಕ್ಕಕ್ಕೆ, ಎದುರು ಅಂಗಡಿಯವನ ಲೆಕ್ಕಕ್ಕೆ.

ಆದುದರಿಂದ ನಿಮ್ಮ ಊರಿನಲ್ಲಿ ಹಳೆಯ ಚಿಮಣಿಯನ್ನೋ, ನೀರಿನ ಟ್ಯಾಂಕನ್ನೋ, ಬಹುಮಹಡಿ ಕಟ್ಟಡವನ್ನೋ ಮದ್ದಿನಿಂದ ಕೆಡಹುತ್ತೇವೆಂದು ಯಾರಾದರೂ ಸಾರಿದರೆ, ಸಂಘದ ಮೂಲಕ ಬರಹದಲ್ಲಿ ನಾಲ್ಕು ಪ್ರಶ್ನೆ ಕೇಳಿರಿ. ಮದ್ದು ಇಡುವವನು ಯಾರು, ಇಂಥದೇ ಕಟ್ಟಡವನ್ನು ಹಿಂದೆ ಎಲ್ಲಿ ಉರುಳಿಸಿದ್ದಾನೆ? ಅವನಿಗೆ ಸಂಬಂಧವಿಲ್ಲದ ಯಾವ ತಜ್ಞರು ಯೋಜನೆ ನೋಡಿದ್ದಾರೆ? ಕೆಲಸ ಒಳಗುತ್ತಿಗೆಗೆ ಹೋದರೆ ಹೊಣೆ ಯಾರದು? ಕೂಲಿಗಾರರಿಗೂ ನೆರೆಯವರಿಗೂ ವಿಮೆ ಎಷ್ಟು? ಉತ್ತರ ಕೈಗೆ ಬರುವವರೆಗೆ ಒಪ್ಪಿಗೆ ಕೊಡಬೇಡಿರಿ. ಉತ್ತರ ಬಂದು ಎಲ್ಲವೂ ಸರಿಯಿದ್ದರೂ ಆ ದಿನ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಬೇಡಿರಿ. ಅದು ತಮಾಷೆಯಲ್ಲ, ಅಪಾಯದ ಕೆಲಸ.