ನಾಲ್ಕು ಜ್ವರದ ಪಾಠ
(ಸುವರ್ಣ ಮಹೋತ್ಸವದ ಗುರುವಂದನೆಯ ದಿನ ಮಾಡಿದ ಭಾಷಣ)



ಮಾಗಡಿ, ಕನಕಪುರ, ಚನ್ನಪಟ್ಟಣ ಸುತ್ತಿ ಕೊನೆಗೆ ರಾಮನಗರದ ಮಗ್ಗುಲಿನ ಈ ಶಾಲೆಗೆ ಬಂದವನು ನಾನು. ಸಮಾಜ ಪಾಠದ ಮೇಷ್ಟ್ರು. ಶಾಲು ಹೊದಿಸಿದ್ದೀರಿ, ಸಂತೋಷ. ಆದರೆ ಇವತ್ತು ನಾನು ಹೇಳಬೇಕಾದದ್ದು, ನನಗೆ ಪಾಠ ಹೇಳಿದ ಒಬ್ಬ ಹುಡುಗಿಯ ವಿಷಯ.

ಹತ್ತನೇ ತರಗತಿಗೆ ಎರಡನೇ ಮಹಾಯುದ್ಧ ಮಾಡುತ್ತಿದ್ದೆ. ನನ್ನ ಹಳೆಯ ನೋಟ್ಸಿನಲ್ಲಿ ಒಂದೇ ಸಾಲು: 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು, ಅಮೆರಿಕ ಯುದ್ಧಕ್ಕೆ ಇಳಿಯಿತು. ಬರೆದುಕೊಳ್ಳಿ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಒಂದೇ ದಿನಕ್ಕೆ ಯಾರಾದ್ರೂ ಯುದ್ಧಕ್ಕೆ ಹೋಗ್ತಾರಾ ಸಾರ್? ಹುಳ ಕೂಡ ನಾಲ್ಕು ಜ್ವರ ಎದ್ದ ಮೇಲೇನೇ ಗೂಡು ಕಟ್ಟೋದು" ಎಂದಳು. ತರಗತಿ ಗೊಳ್ಳೆಂದಿತು. ನಾನು ಗದರಿಸಿ ಕೂರಿಸಿದೆ. ಅವರ ಮನೆಯಲ್ಲಿ ಹುಳ ಸಾಕುತ್ತಿದ್ದರು.

ರಾತ್ರಿ ಪುಸ್ತಕ ತೆಗೆದು ನೋಡಿದರೆ ಅವಳದೇ ಸರಿ. ಮರುದಿನ ಬೋರ್ಡಿನ ಮೇಲೆ ಚಂದ್ರಿಕೆ ಬರೆದು ಮೊದಲಿನಿಂದ ಶುರು ಮಾಡಿದೆ. ಮೊದಲ ಮಹಾಯುದ್ಧದಲ್ಲಿ ಕೈ ಸುಟ್ಟುಕೊಂಡಿದ್ದ ಅಮೆರಿಕ, ಯಾರ ಜಗಳವೂ ಬೇಡವೆಂದು 1935ರಿಂದಲೇ ಕಾನೂನು ಮಾಡಿಕೊಂಡಿತ್ತು. 1939ರ ನವೆಂಬರಿನಲ್ಲಿ ಆ ಕಾನೂನು ಸಡಿಲವಾಯಿತು: ದುಡ್ಡು ಎಣಿಸಿ, ನಿಮ್ಮದೇ ಹಡಗಿನಲ್ಲಿ ಆಯುಧ ಒಯ್ಯಿರಿ. ಅದು ಮೊದಲ ಜ್ವರ. 1940ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿಗೆ 50 ಹಳೆಯ ಯುದ್ಧನೌಕೆ ಕೊಟ್ಟು, ಬದಲಿಗೆ 99 ವರ್ಷದ ಗುತ್ತಿಗೆಗೆ ನೆಲೆಗಳನ್ನು ಪಡೆಯಿತು. ಅದೇ ತಿಂಗಳು ಕಡ್ಡಾಯ ಸೇನಾಭರ್ತಿಯ ಕಾನೂನೂ ಬಂತು. ಎರಡನೆಯದು. 1941ರ ಮಾರ್ಚಿನಲ್ಲಿ ದುಡ್ಡಿನ ಮಾತೇ ಬಿಟ್ಟು ಸಾಲವಾಗಿ ಸಾಮಗ್ರಿ. ಮೂರನೆಯದು. ಜಪಾನ್ ದಕ್ಷಿಣ ಇಂಡೋಚೀನಾಕ್ಕೆ ಕಾಲಿಟ್ಟಾಗ, ಜುಲೈನಲ್ಲಿ ಅದರ ಹಣ ಮುಟ್ಟುಗೋಲು ಹಾಕಿದರು, ಹಿಂದೆಯೇ ಎಣ್ಣೆಯೂ ನಿಂತಿತು. ನಾಲ್ಕನೇ ಜ್ವರ ಅದೇ.

ಇಲ್ಲಿ ನಮ್ಮ ಮಕ್ಕಳ ಕಿವಿ ನೆಟ್ಟಗಾದ ಸಂಗತಿಯೊಂದಿದೆ. ಆ ಮುಟ್ಟುಗೋಲಿನಿಂದ ಅಮೆರಿಕಕ್ಕೆ ಜಪಾನಿನ ರೇಷ್ಮೆಯೂ ನಿಂತುಹೋಯಿತು. ಇತ್ತ ಯುದ್ಧದ ವರ್ಷಗಳಲ್ಲಿ ಪ್ಯಾರಾಚೂಟಿಗೆಂದು ನಮ್ಮ ಮೈಸೂರು ಸೀಮೆಯ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂತು. ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದೆ. ಗೂಡಿನ ರೇಟು ಏರಿದ್ದನ್ನು ಒಬ್ಬರ ತಾತ ನೆನೆಸಿಕೊಂಡಿದ್ದರು. ಸೀಮೆಎಣ್ಣೆಗೆ ಸಾಲು ನಿಂತದ್ದನ್ನು ಇನ್ನೊಬ್ಬರ ಅಜ್ಜಿ.

ಪರ್ಲ್ ಹಾರ್ಬರಿನ ಮರುದಿನ ಅಮೆರಿಕದ ಸಂಸತ್ತು ಮತ ಹಾಕಿ ಯುದ್ಧ ಸಾರಿತು. ಬೇಡ ಎಂದವರು ಜೆನೆಟ್ ರ‍್ಯಾಂಕಿನ್ ಒಬ್ಬರೇ. "ಅವರಿಗೇನಾದರೂ ಮಾಡಿದರಾ ಸಾರ್?" ಎಂದು ಹುಡುಗರಿಗೆ ಅದೇ ಚಿಂತೆ.

ಆಗ ಆ ಹುಡುಗಿ ಮತ್ತೆ ಎದ್ದಳು. "ನಾವು ಯಾವ ಜ್ವರದಲ್ಲಿ ಸೇರಿದ್ವಿ ಸಾರ್?"

ನಮಗೆ ಜ್ವರವೇ ಇರಲಿಲ್ಲ ಕಣಮ್ಮ ಎಂದೆ. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್ಲಿತ್ಗೋ, ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿಬಿಟ್ಟರು. ನಮ್ಮ ನಾಯಕರನ್ನು ಒಂದು ಮಾತು ಕೇಳಲಿಲ್ಲ. ಪ್ರಾಂತ್ಯಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಯುದ್ಧ ನಿಲ್ಲಲಿಲ್ಲ, ಸುಮಾರು 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು.

ಮುಂದಿನ ಬೆಂಚಿನಿಂದ ಒಬ್ಬ ಹುಡುಗ, ಎಂದೂ ಬಾಯಿ ಬಿಡದವನು, "ನಮ್ಮ ತಾತನ ಅಣ್ಣ ಬರ್ಮಾಕ್ಕೆ ಹೋಗಿದ್ರಂತೆ. ಬರಲಿಲ್ಲ. ನಮ್ಮಜ್ಜಿ ಇನ್ನೂ ಹಬ್ಬಕ್ಕೆ ಅವರಿಗೂ ಒಂದು ಎಲೆ ಹಾಕ್ತಾರೆ" ಎಂದ. ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ. ನಾನೂ ಹಾಜರಿ ಪುಸ್ತಕ ಹಿಡಿದು ನಿಂತೇ ಇದ್ದೆ.

ಆ ವರ್ಷದಿಂದ ಹಳೆಯ ನೋಟ್ಸ್ ಮುಟ್ಟಲಿಲ್ಲ. ಗದರಿಸಿದ್ದಕ್ಕೆ ಆ ಹುಡುಗಿಗೆ ತಪ್ಪಾಯಿತು ಎಂದು ಹೇಳುವುದು ಮಾತ್ರ ಉಳಿದುಹೋಗಿತ್ತು. ಮೂರನೇ ಸಾಲಿನಲ್ಲಿ ಮಗಳ ಜೊತೆ ಕೂತು ನಗುತ್ತಿದ್ದಾಳೆ. ತಪ್ಪಾಯ್ತು ಕಣಮ್ಮ.