ನೀರಿಗಿಳಿಯುವ ಮೊದಲು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನಾವು ಕೆಲವು ಶಿಕ್ಷಕರು ಪಾಠದ ಜೊತೆಗೆ ಮಕ್ಕಳನ್ನು ಈಜು ಸ್ಪರ್ಧೆಗೂ ತಯಾರು ಮಾಡುತ್ತಿದ್ದೆವು. ಈಜುಕೊಳ ಸಿಗುತ್ತಿದ್ದುದು ವಾರಕ್ಕೆ ಎರಡೇ ದಿನ. ಒಬ್ಬ ಹುಡುಗ ಅಭ್ಯಾಸದಲ್ಲಿ ಅಚ್ಚುಕಟ್ಟಾಗಿ ಈಜುತ್ತಿದ್ದ. ಸ್ಪರ್ಧೆಯಲ್ಲಿ ಮಾತ್ರ ಉಸಿರಿಗಾಗಿ ತಲೆಯನ್ನು ಮುಂದಕ್ಕೆ ಎತ್ತುತ್ತಿದ್ದ. ಫ್ರೀಸ್ಟೈಲ್‌ನಲ್ಲಿ ತಲೆ ಎದ್ದರೆ ಸೊಂಟವೂ ಕಾಲೂ ಕೆಳಗಿಳಿಯುತ್ತವೆ, ವೇಗ ಕುಂದುತ್ತದೆ. ನಾವು ದಡದಲ್ಲಿ ನಿಂತು "ತಲೆ ಎತ್ತಬೇಡ" ಎಂದು ಕೂಗುತ್ತಿದ್ದೆವು. ಕೂಗಿದಷ್ಟೂ ಅವನಿಗೆ ಗಾಬರಿ ಹೆಚ್ಚಿತು. ಕೊನೆಗೆ ಈಜನ್ನೇ ಬಿಟ್ಟುಬಿಟ್ಟ. ತಪ್ಪು ನಮ್ಮದು. ನಾವು ಅವನ ಕೈಕಾಲಿಗೆ ಕಲಿಸಿದ್ದೆವು, ಮನಸ್ಸಿಗೆ ಕಲಿಸಿರಲಿಲ್ಲ.

2008ರ ಬೀಜಿಂಗ್ ಒಲಿಂಪಿಕ್ಸ್ ನಮ್ಮ ಕಣ್ಣು ತೆರೆಸಿತು. 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಅಮೆರಿಕದ ಮೈಕೆಲ್ ಫೆಲ್ಪ್ಸ್ ಅವರ ಈಜುಕನ್ನಡಕದೊಳಗೆ ನೀರು ತುಂಬಿ, ಗೋಡೆಯೇ ಕಾಣದಾಯಿತು. ಅವರು ತೋಳಿನ ಬೀಸುಗಳನ್ನು ಎಣಿಸುತ್ತಾ ಈಜಿ, 1 ನಿಮಿಷ 52.03 ಸೆಕೆಂಡಿನಲ್ಲಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಮಲಗುವ ಮುನ್ನ ಮತ್ತು ಬೆಳಿಗ್ಗೆ ಎದ್ದಾಗ ಇಡೀ ಸ್ಪರ್ಧೆಯನ್ನು ಮನಸ್ಸಿನಲ್ಲೇ ಈಜುವುದನ್ನು ತರಬೇತುದಾರ ಬಾಬ್ ಬೌಮನ್ ಅವರಿಗೆ ಹದಿಹರೆಯದಲ್ಲೇ ರೂಢಿ ಮಾಡಿಸಿದ್ದರು. ಎಡವಟ್ಟಾದರೆ ಏನು ಮಾಡಬೇಕೆಂಬುದೂ ಆ ಅಭ್ಯಾಸದಲ್ಲಿ ಸೇರಿತ್ತು.

ಆಮೇಲೆ ಬಂದ ಮಕ್ಕಳಿಗೆ ನಾವು ಇದನ್ನೇ ಸರಳವಾಗಿ ಹೇಳಿಕೊಟ್ಟೆವು. ದಿನಕ್ಕೆ ಐದು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ದಡದಿಂದ ನಿಮ್ಮನ್ನು ನೋಡಬೇಡಿ, ನೀರಿನೊಳಗಿಂದ ನೋಡಿ. ಒಂದು ಬಾರಿಗೆ ಒಂದೇ ಅಂಶ ಸಾಕು: ಉಸಿರಿಗೆ ತಲೆ ಪಕ್ಕಕ್ಕೆ ಹೊರಳಲಿ, ಒಂದು ಕೆನ್ನೆ ನೀರಿನಲ್ಲೇ ಇರಲಿ. ಕೈಯಲ್ಲಿ ಗಡಿಯಾರ ಹಿಡಿಯಿರಿ, ಮನಸ್ಸಿನ ಈಜಿಗೂ ನಿಜವಾದ ಈಜಿನಷ್ಟೇ ಸಮಯ ಹಿಡಿಯಬೇಕು. ಬೇಗ ಮುಗಿದರೆ ಏನನ್ನೋ ಬಿಟ್ಟಿದ್ದೀರಿ ಎಂದೇ ಅರ್ಥ.

ಇದು ನೀರಿನ ಅಭ್ಯಾಸಕ್ಕೆ ಬದಲಿಯಲ್ಲ. ತಪ್ಪು ಚಲನೆಯನ್ನೇ ನೆನೆಯುತ್ತಾ ಹೋದರೆ ತಪ್ಪೇ ಗಟ್ಟಿಯಾಗುತ್ತದೆ. ಆದ್ದರಿಂದ ಮೊದಲು ಗುರುವಿನ ಕಣ್ಣೆದುರು ನೀರಿನಲ್ಲಿ ಸರಿಯಾಗಿ ಕಲಿಯಬೇಕು.

ದಾನಿಗಳೇ, ಕೊಳದ ಶುಲ್ಕಕ್ಕೂ ಕಲಿಸುವವರಿಗೂ ಹಣ ಬೇಕು, ಅದು ನಿಮ್ಮಿಂದ ಆಗುತ್ತದೆ. ಪೋಷಕರೇ, ಉಳಿದ ಐದು ದಿನಗಳ ಅಭ್ಯಾಸಕ್ಕೆ ಹಣ ಬೇಕಿಲ್ಲ. ಮನೆಯಲ್ಲಿ ಐದು ನಿಮಿಷ ಟಿವಿ ನಿಲ್ಲಿಸಿ, ಮಗುವಿಗೆ ಮೌನ ಕೊಡಿ. ಸೋತು ಬಂದ ದಿನ ಬೈಯಬೇಡಿ. ಆ ಹುಡುಗನಿಗೆ ನಾವು ಕೊಡಲಾಗದ್ದನ್ನು ನಿಮ್ಮ ಮಕ್ಕಳಿಗೆ ನೀವು ಕೊಡಿ.